ಕ್ರೀಡಾಂಗಣಕ್ಕೊಂದು ಬಿಟ್ಟುವಟ್ಟ

ಚೈತ್ರದ ಹುಣ್ಣಿಮೆಗೆ ಮುನ್ನ ಬೆಂಗಳೂರು ಕರಗದ ಹಸಿ ಕರಗ ನಡೆಯುವುದು ಸಂಪಂಗಿ ಕೆರೆಯಲ್ಲಿ. ಕೆರೆ ಎನ್ನುವುದು ಈಗ ರೂಢಿಯ ಮಾತು ಮಾತ್ರ. ಅಲ್ಲಿ ಉಳಿದಿರುವುದು ಕಂಠೀರವ ಕ್ರೀಡಾಂಗಣದ ಮಗ್ಗುಲಲ್ಲಿ ಕಲ್ಯಾಣಿಯಷ್ಟು ಸಣ್ಣದೊಂದು ನೀರಿನ ತಾಣ. ಒಂದು ಕಾಲಕ್ಕೆ ಪೇಟೆಗೂ ದಂಡಿಗೂ ನಡುವೆ ಹರಡಿಕೊಂಡಿದ್ದ ಕೆರೆಯ ಅಂಗಳದಲ್ಲಿ ಇಂದು ಓಟದ ಪಥವಿದೆ, ಫುಟ್‌ಬಾಲ್ ಅಂಗಣವಿದೆ, ಸಾವಿರಾರು ಜನ ಕೂರುವ ಮೆಟ್ಟಿಲುಗಳಿವೆ. ಇಡೀ ಕೆರೆ ಹೋದರೂ ಈ ಒಂದು ತುಣುಕು ಏಕೆ ಉಳಿಯಿತು? ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ವರ್ಷಕ್ಕೊಮ್ಮೆ ಜನ ಅಲ್ಲಿಗೆ ಬರಲೇಬೇಕು, ಆ ನೀರಿಲ್ಲದೆ ಕರಗದ ವಿಧಿ ನಡೆಯದು. ಅಷ್ಟೇ ಕಾರಣ. ಕೆರೆಯನ್ನು ಕಟ್ಟಿಸಿದವರ ಪುಣ್ಯ ಅದನ್ನು ಉಳಿಸಲಿಲ್ಲ. ವರ್ಷ ತಪ್ಪದೆ ಅದರ ಬಳಿಗೆ ಬಂದವರ ನೇಮ ಅದರ ಒಂದು ಮೂಲೆಯನ್ನು ಉಳಿಸಿತು. ಕ್ರೀಡಾಂಗಣಗಳಿಗೆ ಹಣ ಎಲ್ಲಿಂದ ಬರಬೇಕು, ಸಣ್ಣ ತಂಡಗಳು ಮತ್ತು ಸಣ್ಣ ಲೀಗ್‌ಗಳು ಬಾಳುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಲೆಕ್ಕಪತ್ರದ ವಿಷಯ ಎಂದುಕೊಂಡಿದ್ದೇವೆ. ಅದು ಮೊದಲು ಧರ್ಮದ ಪ್ರಶ್ನೆ, ಆಮೇಲೆ ಲೆಕ್ಕದ್ದು ಎಂಬುದು ಈ ಲೇಖನದ ವಾದ. ಆ ಪ್ರಶ್ನೆ ಹೀಗಿದೆ: ಕೊಡುವುದು ದೊಡ್ಡದೋ, ಕೊಟ್ಟದ್ದನ್ನು ಕಾಯುವುದು ದೊಡ್ಡದೋ?

ನಮ್ಮ ಹಿರಿಯರು ಇದಕ್ಕೆ ಕಲ್ಲಿನ ಮೇಲೆಯೇ ಉತ್ತರ ಬರೆದಿಟ್ಟಿದ್ದಾರೆ. ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಶ್ಲೋಕಗಳ ಸಾರ ಎರಡು. ತಾನು ಕೊಟ್ಟದ್ದಾಗಲಿ ಇನ್ನೊಬ್ಬರು ಕೊಟ್ಟದ್ದಾಗಲಿ, ದತ್ತಿಯನ್ನು ಕಿತ್ತುಕೊಂಡವನಿಗೆ ಘೋರ ಗತಿ ಕಾದಿದೆ ಎಂಬುದು ಒಂದು. ದಾನ ಮತ್ತು ಪಾಲನೆ ಎರಡರಲ್ಲಿ ಪಾಲನೆಯೇ ಮೇಲು ಎಂಬುದು ಇನ್ನೊಂದು. ಮೊದಲನೆಯದನ್ನು ಶಾಪಾಶಯ ಎಂದು ಗುರುತಿಸಿ ನಾವು ನೆನಪಿಟ್ಟುಕೊಂಡಿದ್ದೇವೆ, ಎರಡನೆಯದನ್ನು ಮರೆತಿದ್ದೇವೆ. ಪಾಲನೆ ಏಕೆ ಮೇಲು? ದಾನಕ್ಕೆ ಒಂದು ದಿನ ಸಾಕು, ಪಾಲನೆಗೆ ಎಲ್ಲ ದಿನವೂ ಬೇಕು. ಕೊಟ್ಟವನ ಹೆಸರು ಕಲ್ಲಿನ ಮೇಲೆ ಕೂರುತ್ತದೆ; ಕಾಯ್ದವನ ಹೆಸರನ್ನು ಯಾರೂ ಕೆತ್ತುವುದಿಲ್ಲ. ಕೊಡುವವನು ತನ್ನಲ್ಲಿ ಮಿಕ್ಕಿದ್ದನ್ನು ಕೊಡಬಹುದು, ಕಾಯುವವನು ಕೈಗೆ ಎಟಕುವಂತಿದ್ದರೂ ತನ್ನದಲ್ಲದ್ದನ್ನು ಮುಟ್ಟದೆ ಬಾಳಬೇಕು. ಆಸೆ ದಿನದಿನವೂ ಪರೀಕ್ಷೆಗೆ ನಿಲ್ಲುವ ಕಡೆಯೇ ಧರ್ಮ ಹೆಚ್ಚು ಕಷ್ಟದ್ದು, ಆದ್ದರಿಂದಲೇ ಹೆಚ್ಚಿನದು. ಈ ತಿಳಿವು ಬರಿಯ ಉಪದೇಶವಾಗಿ ಉಳಿಯಲಿಲ್ಲ, ಹಣಕಾಸಿನ ಏರ್ಪಾಡಾಗಿಯೂ ರೂಪ ಪಡೆಯಿತು. ಕೆರೆ ಕಟ್ಟಿಸಿದವರು ಅದರ ದುರಸ್ತಿಗೆಂದು ಗದ್ದೆಯನ್ನು ಬಿಟ್ಟುಕೊಡುತ್ತಿದ್ದರು; ಶಾಸನಗಳು ಅದನ್ನು ಬಿಟ್ಟುವಟ್ಟ ಎನ್ನುತ್ತವೆ. ಕೆರೆಗೊಡಗೆ, ದಸವಂದ ಎಂಬ ಮಾತುಗಳೂ ಇದೇ ಬಳಗದವು. ಗುಡಿಯ ನಂದಾದೀವಿಗೆಗೆ ಎಣ್ಣೆ ಕೊಟ್ಟು ಹೋದರೆ ಆಗದು, ಗದ್ಯಾಣಗಳನ್ನು ಇಟ್ಟು ಅದರ ಬಡ್ಡಿಯಿಂದ ಪ್ರತಿದಿನದ ಎಣ್ಣೆ ಬರುವಂತೆ ಮಾಡಬೇಕು. ಉರಿಸುವ ಏರ್ಪಾಡಿಲ್ಲದೆ ದೀಪ ಕೊಡುವುದನ್ನು ಅವರು ದಾನವೆಂದು ಎಣಿಸಲಿಲ್ಲ.

ಈ ನಗರದ ಕೆರೆಗಳ ಕಥೆಯನ್ನು ಈ ಕಣ್ಣಿನಿಂದ ಓದಬೇಕು. ಸಂಪಂಗಿ ಕೆರೆ ಕಂಠೀರವವಾಯಿತು. ಶೂಲೆ ಕೆರೆಯ ಜಾಗದಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಎದ್ದಿತು, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕೋರಮಂಗಲದ ಕೆರೆಯಂಗಳದಲ್ಲಿ ಕ್ರೀಡಾಗ್ರಾಮ ಬಂತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಬಸವನಗುಡಿಯ ಕಾರಂಜಿ ಕೆರೆ ಕಾಣೆಯಾಗಿ ಕಾರಂಜಿ ಆಂಜನೇಯನ ಹೆಸರಿನಲ್ಲಿ ಮಾತ್ರ ಉಳಿದಿದೆ. ಕ್ರೀಡಾಂಗಣಗಳು ಕೆರೆಗಳನ್ನು ಕೊಂದವು ಎಂದು ಹೇಳುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ. ಕೆರೆಗಳ ಅವನತಿ ಅದಕ್ಕೂ ಮೊದಲೇ ಶುರುವಾಗಿತ್ತು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದಿತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಬಂದಿತು. ನಲ್ಲಿಯಲ್ಲಿ ನೀರು ಬೀಳತೊಡಗಿದ ಮೇಲೆ ಊರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಹೂಳೆತ್ತುವವರಿಲ್ಲ, ಕೋಡಿ ನೋಡುವವರಿಲ್ಲ. ಪಾಲಕರನ್ನು ಕಳೆದುಕೊಂಡ ಕೆರೆ ಯಾರದೂ ಅಲ್ಲದ ಬಯಲಾಯಿತು, ಯಾರದೂ ಅಲ್ಲದ ಬಯಲು ಸರ್ಕಾರದ ನಿವೇಶನವಾಯಿತು. ಈ ಕಾರಣಸರಣಿ ಕೆರೆಗೆ ಮಾತ್ರ ಅನ್ವಯಿಸುವುದಿಲ್ಲ. ತನ್ನಿಂದ ಬಾಳುವವರನ್ನೂ ತನ್ನನ್ನು ಬಾಳಿಸುವವರನ್ನೂ ಕಳೆದುಕೊಂಡ ಯಾವ ಸಾರ್ವಜನಿಕ ವಸ್ತುವಿಗೂ ಇದೇ ಗತಿ. ಕೆರೆಯ ಮೇಲೆ ಕಟ್ಟಿದ ಕ್ರೀಡಾಂಗಣಕ್ಕೂ ಇದೇ ಗತಿ ಬರಬಹುದು.

ಕ್ರೀಡಾಂಗಣವೊಂದು ಏನನ್ನು ಬೇಡುತ್ತದೆ ಎಂದು ಹತ್ತಿರದಿಂದ ನೋಡೋಣ. ಕಟ್ಟುವಾಗ ಕೋಟಿಗಟ್ಟಲೆ ಹಣ ಒಮ್ಮೆಗೇ ಬೇಕು, ಅದು ಬಜೆಟ್ಟಿನಲ್ಲಿ ಸಿಗುತ್ತದೆ, ಶಿಲಾನ್ಯಾಸವಾಗುತ್ತದೆ. ಆಮೇಲೆ ಬೇಕಾಗುವುದು ಸಣ್ಣ ಮೊತ್ತ, ಆದರೆ ನಿಲ್ಲದ ಮೊತ್ತ. ಸಿಂಥೆಟಿಕ್ ಟ್ರ್ಯಾಕ್ ಬಿಸಿಲಿಗೆ ಬಿರಿಯುತ್ತದೆ, ಸ್ಪೈಕ್ ಬೂಟಿಗೆ ಕಿತ್ತುಬರುತ್ತದೆ. ಹತ್ತಾರು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಹಾಸಬೇಕು. ಹುಲ್ಲಿಗೆ ಬೇಸಿಗೆಯಲ್ಲಿ ದಿನವೂ ನೀರು ಬೇಕು, ಮಳೆಗಾಲದಲ್ಲಿ ಆ ನೀರು ಇಳಿಯಲು ದಾರಿ ಬೇಕು. ಹೊನಲು ಬೆಳಕಿನ ಕರೆಂಟ್ ಬಿಲ್, ಶೌಚಾಲಯದ ನಲ್ಲಿ, ಗೇಟಿನ ಬೀಗ, ಕಾವಲುಗಾರನ ಸಂಬಳ, ಇವಾವುದಕ್ಕೂ ನಾಮಫಲಕವಿಲ್ಲ. ಕೆಳ ಡಿವಿಜನ್ನಿನ ಕ್ರಿಕೆಟ್ ಪಂದ್ಯ ಮ್ಯಾಟಿಂಗ್ ಮೇಲೆ ನಡೆಯುತ್ತದಲ್ಲ, ಅಲ್ಲಿ ಇದು ಇನ್ನೂ ನಿಚ್ಚಳ. ಬೆಳಿಗ್ಗೆ ಆಟಕ್ಕೆ ಮೊದಲು ಮಾಲಿ ಬಂದು ನೆಲಕ್ಕೆ ನೀರು ಚಿಮುಕಿಸಿ, ರೋಲರ್ ಎಳೆದು, ನಾರಿನ ಚಾಪೆಯನ್ನು ಹಾಸಿ, ಸುಕ್ಕಿಲ್ಲದಂತೆ ಜಗ್ಗಿ ಮೊಳೆ ಹೊಡೆಯಬೇಕು. ಮೊಳೆ ಸಡಿಲವಾದರೆ ಚೆಂಡು ಎಲ್ಲಿ ಏಳುತ್ತದೋ ಹೇಳಲಾಗದು. ಆಟದ ನ್ಯಾಯವೇ ಆ ಮೊಳೆಯ ಮೇಲೆ ನಿಂತಿದೆ. ಪಾಲನೆ ಎಂದರೆ ಜನರನ್ನು ಕಾಯುವುದೂ ಹೌದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತ ಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಲನೆಯ ಏರ್ಪಾಡಿಲ್ಲದ ಕೊಡುಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬೇಸ್‌ಬಾಲ್ ಒಳ್ಳೆಯ ಸಾಕ್ಷಿ. ಅಲ್ಲಿ ದೊಡ್ಡ ತಂಡಗಳ ಆಸರೆಯಿಲ್ಲದೆ ಸ್ವತಂತ್ರವಾಗಿ ನಡೆಯುವ ಕಿರಿಯ ಲೀಗ್‌ಗಳಿವೆ. ಟಿವಿ ಹಣ ಇಲ್ಲವೆನ್ನುವಷ್ಟು ಕಡಿಮೆ, ಟಿಕೆಟ್ಟೇ ಜೀವ. ಇಂಥ ತಂಡ ಬಂದರೆ ಬಡವಾದ ಊರು ಚಿಗುರುತ್ತದೆ ಎಂದು ನಂಬಿ ನಗರಾಡಳಿತಗಳು ಸಾರ್ವಜನಿಕ ಹಣದಿಂದ ಕ್ರೀಡಾಂಗಣ ಕಟ್ಟಿದವು. ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ 1999ರಲ್ಲಿ ತೆರೆದ ಕ್ರೀಡಾಂಗಣದ ತಂಡ 2013ರ ಋತುವಿನ ನಂತರ ಮುಚ್ಚಿಹೋಯಿತು, 2019ರಲ್ಲಿ ಕಟ್ಟಡವನ್ನೇ ಕೆಡವಿದರು. ಅದೇ ರಾಜ್ಯದ ಕ್ಯಾಮ್‌ಡೆನ್‌ನಲ್ಲಿ 2001ರಲ್ಲಿ ಕಟ್ಟಿದ್ದು ಎರಡು ದಶಕ ತುಂಬುವ ಮೊದಲೇ ನೆಲಸಮವಾಯಿತು. ನ್ಯೂಯಾರ್ಕ್ ರಾಜ್ಯದ ರಾಮಾಪೊ ಪಟ್ಟಣದ ಕಥೆ ಇನ್ನೂ ಕಠೋರ. 2010ರಲ್ಲಿ ಕ್ರೀಡಾಂಗಣದ ಸಾಲಕ್ಕೆ ಊರು ಜಾಮೀನು ನಿಲ್ಲುವುದು ಬೇಡವೆಂದು ಮತದಾರರು ತೀರ್ಪು ಕೊಟ್ಟರು. ಆದರೂ ಕ್ರೀಡಾಂಗಣ ಎದ್ದಿತು, ಅದರ ಭಾರ ಊರಿನ ಲೆಕ್ಕದ ಮೇಲೆ ಬಿತ್ತು. ಆ ಲೆಕ್ಕವನ್ನು ಮರೆಮಾಚಿ ಸಾಲಪತ್ರ ಕೊಂಡವರನ್ನು ವಂಚಿಸಿದ್ದಕ್ಕಾಗಿ ಪಟ್ಟಣದ ಆಡಳಿತಗಾರ 2017ರಲ್ಲಿ ನ್ಯಾಯಾಲಯದಲ್ಲಿ ತಪ್ಪಿತಸ್ಥನಾದ. ಈ ಮೂರು ಊರುಗಳಿಗೂ ಕಟ್ಟಲು ಹಣ ಸಿಕ್ಕಿತ್ತು. ಮರುವರ್ಷದ, ಅದರ ಮರುವರ್ಷದ ಖರ್ಚಿಗೆ ನಂಬಿದ್ದು ಮುಂದೆ ಬಂದೀತು ಎಂಬ ವರಮಾನವನ್ನು. ಬಿಟ್ಟುವಟ್ಟದ ಗದ್ದೆಗೆ ಬದಲು ಗದ್ದೆಯ ಕನಸನ್ನು ಬರೆದುಕೊಟ್ಟಂತಾಯಿತು.

ನಮ್ಮಲ್ಲಿಯೂ ಇದಕ್ಕೆ ಸಮನಾದ ಪಾಠಗಳಿವೆ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್ ಮೂರು ಋತು ನಡೆದು 2012 ಮತ್ತು 2013ರಲ್ಲಿ ನಿಂತಿತು, 2014ರಲ್ಲಿ ಮತ್ತೆ ಬಂತು, 2019ರಲ್ಲಿ ಪಂದ್ಯ ಮಾರಾಟದ ಆರೋಪದ ಮೇಲೆ ತಂಡದ ಮಾಲೀಕರೊಬ್ಬರೂ ಆಟಗಾರರೂ ಬಂಧಿತರಾದ ಬಳಿಕ ಮುಗಿಯಿತು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಮೊಕದ್ದಮೆಯನ್ನು ರದ್ದುಮಾಡಿತು. ಪಂದ್ಯದ ಫಲಿತಾಂಶವನ್ನು ಮೊದಲೇ ನಿಶ್ಚಯಿಸುವುದು ಅಪ್ರಾಮಾಣಿಕತೆಯನ್ನು ತೋರಿಸಬಹುದು, ಆದರೆ ದಂಡಸಂಹಿತೆಯ ವಂಚನೆಯ ಕಲಮಿಗೆ ಅದು ಬರುವುದಿಲ್ಲ ಎಂದಿತು. ಪ್ರೇಕ್ಷಕ ತಾನಾಗಿಯೇ ಟಿಕೆಟ್ ಕೊಂಡಿದ್ದಾನೆ ಎಂಬುದು ತೀರ್ಪಿನ ತರ್ಕ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು, ಆರೋಪ ನಿಜವೋ ಸುಳ್ಳೋ ಎಂಬುದರ ಮೇಲೂ ನನ್ನ ವಾದ ನಿಂತಿಲ್ಲ. ಆದರೆ ಕಾನೂನು ಕೈಬಿಡುವ ಜಾಗದಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ. ಟಿಕೆಟ್ ಕೊಂಡವನು ಹಣದ ಜೊತೆಗೆ ನಂಬಿಕೆಯನ್ನೂ ಇಟ್ಟು ಹೋಗುತ್ತಾನೆ. ಅದು ಇಡುಗಂಟು. ಇಡುಗಂಟನ್ನು ಕಾಯುವ ಹೊಣೆಗೆ ಕಲಮು ಬೇಕಾಗಿಲ್ಲ. ಇನ್ನೊಂದು ಪಾಠ ಫುಟ್‌ಬಾಲಿನದು. ಕಂಠೀರವದಲ್ಲಿ ಆಡುವ ಬೆಂಗಳೂರು ಎಫ್‌ಸಿ ದೊಡ್ಡ ಉದ್ಯಮ ಸಂಸ್ಥೆಯೊಂದರ ಆಸರೆಯ ತಂಡ. ಆದರೂ ಇಂಡಿಯನ್ ಸೂಪರ್ ಲೀಗ್‌ನ ಒಪ್ಪಂದದ ಭವಿಷ್ಯ ಅತಂತ್ರವಾದಾಗ, 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಅದು ಪ್ರಕಟಿಸಬೇಕಾಯಿತು. ದಾತ ಎಷ್ಟೇ ದೊಡ್ಡವನಿರಲಿ, ಒಬ್ಬನೇ ದಾತನನ್ನು ನೆಚ್ಚಿದ ದೀಪ ಅವನ ಮನೆಯ ಗಾಳಿಗೂ ಆರಬಹುದು.

ಹಾಗಾದರೆ ಬಾಳಿದ್ದು ಯಾವುದು? ಚಾಮರಾಜಪೇಟೆಯ ಕಡೆ ನೋಡಬೇಕು. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ರಾಮೋತ್ಸವ ಸಂಗೀತ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕಿ ರಾಮನವಮಿಯಿಂದ ಸುಮಾರು ಒಂದು ತಿಂಗಳು ನಡೆಯುವಂಥದು. ಅದನ್ನು ಒಂದು ಲೀಗಿನ ಋತು ಎಂದು ಎಣಿಸಿ ನೋಡಿ: ನಿಗದಿಯಾದ ಪಟ್ಟಿ, ಹೊರಊರಿನ ದಿಗ್ಗಜರು, ಊರಿನ ಹೊಸಬರು, ಟಿಕೆಟ್, ದಾನಿಗಳು, ಸಂಜೆಯ ಜನ. ಸ್ವಂತ ಸಭಾಂಗಣದ ಭಾರವಿಲ್ಲ. ಹಬ್ಬ ಮುಗಿದರೆ ಚಪ್ಪರ ಇಳಿಯುತ್ತದೆ, ಮೈದಾನ ಶಾಲೆಯ ಮಕ್ಕಳಿಗೆ ಹಿಂದಿರುಗುತ್ತದೆ. ಇತ್ತ ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ ಸ್ವಂತ ಕಟ್ಟಡ ಮಾಡಿಕೊಂಡೂ ಬಾಳಿದೆ. ಒಂದು ಕಟ್ಟದೆ ಬಾಳಿತು, ಒಂದು ಕಟ್ಟಿ ಬಾಳಿತು. ಆದ್ದರಿಂದ ಕಟ್ಟಡವೇ ಗುಟ್ಟು ಎನ್ನುವಂತಿಲ್ಲ, ಕಟ್ಟಡವೇ ಕೇಡು ಎನ್ನುವಂತೆಯೂ ಇಲ್ಲ. ಎರಡರಲ್ಲೂ ಸಮಾನವಾದದ್ದು, ಕೇಳುವವರೇ ಕಾಯುವವರೂ ಆಗಿರುವುದು, ವರ್ಷ ತಪ್ಪದೆ ಬರುವುದು. ಕರಗ ಆ ತುಣುಕು ನೀರನ್ನು ಉಳಿಸಿದ್ದೂ ಇದೇ ರೀತಿಯಲ್ಲಿ. ಬಸವನಗುಡಿ, ಮಲ್ಲೇಶ್ವರದ ಕ್ರಿಕೆಟ್ ಕ್ಲಬ್ಬುಗಳದೂ ಇದೇ ಬಗೆಯ ಬಾಳು. ಹಳೆಯ ಆಟಗಾರರೇ ಕಾರ್ಯದರ್ಶಿಗಳು, ಅವರೇ ಚಂದಾ ಎತ್ತುವವರು, ಅವರೇ ಹುಡುಗರಿಗೆ ಹೇಳಿಕೊಡುವವರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ ಟೆಸ್ಟ್ ಕ್ರಿಕೆಟ್‌ನಲ್ಲಿ 619 ವಿಕೆಟ್ ಪಡೆದರು. ಅಂಥವರು ಬೆಳೆಯುವ ಮೊದಲ ನೆಲ ಇಂಥ ಶಾಲೆಯ ಮೈದಾನ, ಇಂಥ ಕ್ಲಬ್ಬಿನ ಚಾಪೆ.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ, ಅವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ದೇವರ ದೀಪವೆಲ್ಲಿ, ಚೆಂಡಿನ ಆಟವೆಲ್ಲಿ; ಆಟವನ್ನು ಧರ್ಮದ ತಕ್ಕಡಿಯಲ್ಲಿ ಏಕೆ ತೂಗಬೇಕು ಎಂದು ಕೇಳಬಹುದು. ದತ್ತಿಗಳ ಪಟ್ಟಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಗರ್ಭಗುಡಿಯ ದೀಪ ಮಾತ್ರವಿಲ್ಲ. ದಾರಿಹೋಕರ ಅರವಟ್ಟಿಗೆಯಿದೆ, ಓದುವವರ ಊಟವಿದೆ, ರಂಗಭೋಗದ ಹೆಸರಿನಲ್ಲಿ ಕುಣಿತ, ಹಾಡು, ವಾದ್ಯಗಳಿವೆ. ಹತ್ತು ಜನ ಕೂಡಿ ಒಂದು ಒಳ್ಳೆಯದನ್ನು ಅನುಭವಿಸುವ ಜಾಗ ಪಾಲನೆಗೆ ಅರ್ಹ ಎಂದೇ ಅವರು ಭಾವಿಸಿದ್ದರು. ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಆ ದತ್ತಿಗಳ ಲೋಕ ಎಲ್ಲರಿಗೂ ತೆರೆದಿರಲಿಲ್ಲ. ಕೆರೆಯ ನೀರು ಮುಟ್ಟಬಾರದವರಿದ್ದರು, ಗುಡಿಯ ಹೊಸ್ತಿಲು ದಾಟಬಾರದವರಿದ್ದರು. ಅಂಥ ವ್ಯವಸ್ಥೆಯಿಂದ ನಾವೇಕೆ ಕಲಿಯಬೇಕು? ಈ ಮಾತು ನಿಜ, ಅದನ್ನು ತೇಲಿಸಿ ಹೇಳುವಂತಿಲ್ಲ. ಇನ್ನೂ ಒಂದು ಸಂಗತಿಯನ್ನು ಅದಕ್ಕೆ ಸೇರಿಸಬೇಕು. ಕೆರೆಯನ್ನು ನಿಜವಾಗಿ ಕಾಯುತ್ತಿದ್ದವನು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೂ ಸರದಿಯಲ್ಲಿ ನೀರು ಹಾಯಿಸುವುದು, ಮಳೆಯ ರಾತ್ರಿ ಏರಿಯ ಮೇಲೆ ಎಚ್ಚರವಿರುವುದು ಅವನ ಕೆಲಸ. ಬಹಳ ಊರುಗಳಲ್ಲಿ ಅವನು ದಲಿತನಾಗಿದ್ದ. ಪಾಲನೆಯೇ ಮೇಲು ಎಂದು ಶ್ಲೋಕ ಹೇಳಿತು, ಪಾಲಕನನ್ನು ಊರು ಕೆಳಗಿಟ್ಟಿತು. ಆದ್ದರಿಂದ ಹಿರಿಯರ ತತ್ತ್ವವನ್ನು ತೆಗೆದುಕೊಳ್ಳುವವರು ಅವರ ಸಾಲವನ್ನೂ ತೀರಿಸಬೇಕು. ಪಾಲನೆ ದೊಡ್ಡದೆಂದು ನಂಬುವುದಾದರೆ ಮೈದಾನದ ಗೇಟು ಎಲ್ಲರಿಗೂ ತೆರೆದಿರಬೇಕು, ಮಾಲಿಗೆ ತಿಂಗಳ ಮೊದಲ ವಾರದಲ್ಲಿ ನ್ಯಾಯವಾದ ಸಂಬಳ ಬರಬೇಕು. ಆಟಗಾರನಿಗೆ ಸನ್ಮಾನ ಮಾಡುವ ಊರು ನೀರುಗಂಟಿಯ ಕೂಲಿಯನ್ನು ಬಾಕಿ ಉಳಿಸಿಕೊಂಡರೆ ಅದರ ಧರ್ಮದ ಮಾತು ಪೊಳ್ಳು.

ಮೂರನೆಯ ಆಕ್ಷೇಪ ಸರ್ಕಾರದ ಹೊಣೆಯ ಬಗ್ಗೆ. ರಸ್ತೆ, ಶಾಲೆ, ಆಸ್ಪತ್ರೆಗಳಂತೆ ಮೈದಾನವೂ ಪ್ರಜೆಯ ಹಕ್ಕು. ಬಳಸುವವರೇ ಕಾಯಲಿ ಎಂದರೆ ಹಣವಿರುವವರ ಬಡಾವಣೆಗಳಲ್ಲಿ ಮಾತ್ರ ಆಟ ಉಳಿಯುತ್ತದೆ, ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬ ಭಯ ಸುಳ್ಳಲ್ಲ. ನಾನು ಕೇಳುತ್ತಿರುವುದು ಸರ್ಕಾರ ಹಿಂದೆ ಸರಿಯಲಿ ಎಂದಲ್ಲ, ಅದು ಕೊಡುವ ರೀತಿ ಬದಲಾಗಲಿ ಎಂದು. ಇದಕ್ಕೆ ಮಾದರಿ ನಮ್ಮ ಕಾನೂನಿನಲ್ಲೇ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಮಂತ್ರಿಯ ಉದಾರತೆಗೆ ಕಾಯದೆ, ವರ್ಷವರ್ಷವೂ ಪುಸ್ತಕಕ್ಕೆಂದೇ ಹುಟ್ಟುವ ಹಣ ಅದು. ಆಧುನಿಕ ಕನ್ನಡನಾಡಿನ ಬಿಟ್ಟುವಟ್ಟ ಎಂದರೆ ತಪ್ಪಾಗದು. ಆದರೆ ಜನರಿಂದ ಸಂಗ್ರಹಿಸಿದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಪೂರ್ತಿ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿಯನ್ನೂ ವರ್ಷಗಳಿಂದ ಓದುತ್ತಿದ್ದೇವೆ. ಗದ್ದೆ ಬಿಟ್ಟುಕೊಟ್ಟರೆ ಮುಗಿಯಲಿಲ್ಲ, ಗದ್ದೆಯ ಹುಟ್ಟುವಳಿ ಕೆರೆಗೇ ಸೇರುತ್ತಿದೆಯೇ ಎಂದು ನೋಡುವ ಕಣ್ಣೂ ಬೇಕು. ಶಾಸನವನ್ನು ಊರಿನ ನಡುವೆ, ಎಲ್ಲರಿಗೂ ಕಾಣುವಂತೆ ನೆಡುತ್ತಿದ್ದುದರ ಅರ್ಥ ಇದೇ: ಕರಾರು ಬಯಲಲ್ಲಿರಬೇಕು. ಕ್ರೀಡಾಂಗಣದ ಗೋಡೆಯ ಮೇಲೆ ಉದ್ಘಾಟಿಸಿದವರ ಹೆಸರಿರುವ ಜಾಗದ ಪಕ್ಕದಲ್ಲೇ ಆ ವರ್ಷದ ವರಮಾನ, ಖರ್ಚು, ನಿರ್ವಹಣಾ ನಿಧಿಯ ಮೊತ್ತವನ್ನು ಬರೆದಿಡುವುದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ.

ಕೊನೆಯ ಆಕ್ಷೇಪ ಅವಸರದ್ದು. ನಿರ್ವಹಣೆಗೆ ಶಾಶ್ವತ ನಿಧಿ ಹುಟ್ಟುವವರೆಗೂ ಕಾಯ್ದರೆ ಹಿಂದುಳಿದ ತಾಲ್ಲೂಕಿನ ಹುಡುಗಿ ಓಡುವುದೆಲ್ಲಿ, ಮೊದಲು ಕಟ್ಟಿ, ಆಮೇಲೆ ನೋಡೋಣ ಎನ್ನುತ್ತಾರೆ. ಆ ಹುಡುಗಿಯ ಮೇಲಿನ ಕಾಳಜಿಯಿಂದಲೇ ಹೇಳುತ್ತೇನೆ, ಬಿರಿದ ಟ್ರ್ಯಾಕ್ ಅವಳ ಕಾಲನ್ನು ಮುರಿಯುತ್ತದೆ, ಬೀಗ ಬಿದ್ದ ಕ್ರೀಡಾಂಗಣ ಅವಳಿಗೆ ಬಯಲನ್ನೂ ಉಳಿಸುವುದಿಲ್ಲ. ಕಾಯಬಲ್ಲಷ್ಟನ್ನು ಕಟ್ಟುವುದು ಅವಳಿಗೆ ಮಾಡುವ ಉಪಕಾರ. ಹತ್ತು ಕೋಟಿಯ ಮೆಟ್ಟಿಲುಗಳಿಗಿಂತ ಸಮತಟ್ಟಾದ ನೆಲ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಒಬ್ಬ ಮಾಲಿ, ಒಬ್ಬ ತರಬೇತುದಾರ ಇರುವ ಮೈದಾನ ಹೆಚ್ಚು ಕಾಲ ಬಾಳುತ್ತದೆ. ಸ್ಥಾವರ, ಜಂಗಮ ಎಂದು ಶರಣರು ವಿಂಗಡಿಸಿ ನೋಡಿದ್ದರ ಹಿಂದಿನ ವಿವೇಕ ಇಲ್ಲಿಗೂ ಸಲ್ಲುತ್ತದೆ. ಸ್ಥಾವರ ಬೇಡವೆಂದಲ್ಲ, ಜಂಗಮದ ನಡಿಗೆ ನಿಂತಲ್ಲಿ ಸ್ಥಾವರ ಕಲ್ಲಾಗಿ ಉಳಿಯುತ್ತದೆ. ಮೈದಾನದ ಜಂಗಮ ಎಂದರೆ ಬೆಳಿಗ್ಗೆ ಆರಕ್ಕೆ ಬರುವ ಮಕ್ಕಳು, ಅವರಿಗಿಂತ ಮೊದಲೇ ಬಂದು ನೀರು ಹೊಡೆಯುವ ಕೈ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಉಳಿದಿರುವ ಮೈದಾನಗಳನ್ನು ನಾವು ಕಟ್ಟಿಸಿದ್ದಲ್ಲ, ನಮಗೆ ಬಂದದ್ದು. ಕೊಡುವ ಸರದಿ ಹಿಂದಿನವರದಾಗಿತ್ತು, ಕಾಯುವ ಸರದಿ ನಮ್ಮದು. ಮುಂದಿನ ಸಲ ನಿಮ್ಮ ವಾರ್ಡಿನಲ್ಲಿ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆ ಎಂದು ಫ್ಲೆಕ್ಸ್ ಎದ್ದಾಗ, ಸಂತೋಷಪಡಿ, ಹೋಗಿ, ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ಇದರ ಬಿಟ್ಟುವಟ್ಟ ಎಲ್ಲಿದೆ? ಉತ್ತರ ಬರುವವರೆಗೂ ಕೂರಬೇಡಿ.